ಮುಖ ಕೆಳಗಾಗಿ ಬೀಳುವವರು

ಸೋಮವಾರ, ಫೆಬ್ರವರಿ ೩

ಇಂದು ಪಾತ್ರಗಳ ಹಂಚಿಕೆ ಆಯಿತು. ನಮ್ಮ ನಾಟಕಶಾಲೆಯಲ್ಲಿ ಇದಕ್ಕೊಂದು ಹಳೆಯ ಪದ್ಧತಿಯಿದೆ. ಕೊನೆಯ ವರ್ಷದ ನಾಟಕದ ಪಾತ್ರಗಳನ್ನೆಲ್ಲ ಮೇಷ್ಟ್ರು ಕರಿಹಲಗೆಯ ಮೇಲೆ ಬರೆಯುತ್ತಾರೆ. ತರಗತಿಗೆ ಮೊದಲ ಸ್ಥಾನ ಪಡೆದವರು ಎದ್ದು ಹೋಗಿ ತಮಗೆ ಬೇಕಾದ ಪಾತ್ರದ ಮುಂದೆ ತಮ್ಮ ಹೆಸರನ್ನು ಬರೆಯುತ್ತಾರೆ. ಆಮೇಲೆ ಎರಡನೆಯವರು, ಮೂರನೆಯವರು, ಹೀಗೆ. ಬರೆದ ಹೆಸರನ್ನು ಬರೆದವರ ಹೊರತು ಬೇರಾರೂ ಅಳಿಸುವಂತಿಲ್ಲ. ಭಿತ್ತಿಪತ್ರಗಳು ಅಚ್ಚಿಗೆ ಹೋದ ಮೇಲೆ ಅವರೂ ಅಳಿಸುವಂತಿಲ್ಲ. ಮೂರು ವರ್ಷವೂ ಮೊದಲ ಸ್ಥಾನ ನನ್ನದೇ ಆದ್ದರಿಂದ ಮೊದಲು ಎದ್ದವಳು ನಾನು. ‘ರಾಣಿ’ ಎಂಬುದರ ಮುಂದೆ ನನ್ನ ಹೆಸರನ್ನು ಬರೆದೆ. ಅಕ್ಷರಗಳು ಒಂದೇ ಎತ್ತರದಲ್ಲಿ ಬಂದವು. ಎಲ್ಲರೂ ‘ಉದ್ದ’ ಎಂದು ಕರೆಯುವ ಹುಡುಗ ಹಿಂದಿನ ಬೆಂಚಿನಿಂದ, “ರ‍್ಯಾಂಕಮ್ಮ ರಾಣಿಯಮ್ಮ ಆದ್ರು. ಇನ್ನು ನಾವೆಲ್ಲ ಕಾಡುಪಾಲು” ಎಂದ.

ಅವನ ಮಾತು ನಿಜವೂ ಆಗಿತ್ತು. ನಾಟಕದ ಹೆಸರು ‘ಕಾಡಿನ ಕಿರೀಟ’. ರಾಜನೊಬ್ಬ ಗುಡ್ಡದವರನ್ನು ಸೋಲಿಸಿ ಕಾಡನ್ನು ಗೆಲ್ಲುವ ಹಳೆಯ ಕಥೆ. ರಾಣಿಗೆ ಒಳ್ಳೊಳ್ಳೆಯ ಮಾತುಗಳಿವೆ. ಗುಡ್ಡದವರಿಗೆ ಮಾತೇ ಇಲ್ಲ. ಎಂಟು ಮಂದಿ ಮೈಗೆ ಮಸಿ ಬಳಿದುಕೊಂಡು, ಎಲೆಯ ಲಂಗ ಕಟ್ಟಿಕೊಂಡು, ‘ಹೋ ಹೋ’ ಎಂದು ಕುಣಿದು, ಮೂರನೆಯ ಅಂಕದಲ್ಲಿ ಸಾಯುತ್ತಾರೆ. ಈ ಬಗ್ಗೆ ನಾನು ಎದ್ದು ನಿಂತು ನನ್ನ ಆಕ್ಷೇಪವನ್ನು ಕ್ರಮವಾಗಿ ಮಂಡಿಸಿದೆ: ಜನಪ್ರಿಯ ನಾಟಕಗಳಲ್ಲೂ ಚಿತ್ರಗಳಲ್ಲೂ ಗುಡ್ಡದ ಜನರನ್ನು ಎರಡೇ ಬಗೆಯಲ್ಲಿ ತೋರಿಸುತ್ತಾರೆ, ಒಂದೋ ಅವರು ಕೊಲ್ಲಲು ಬಂದವರು, ಇಲ್ಲವೇ ಕೊಲ್ಲಿಸಿಕೊಳ್ಳಲು ಬಂದವರು, ಅವರಿಗೆ ಮನೆಯಿಲ್ಲ, ಮಾತಿಲ್ಲ, ಹಾಸ್ಯವಿಲ್ಲ. ಮೇಷ್ಟ್ರು ಕನ್ನಡಕ ಒರೆಸಿಕೊಳ್ಳುತ್ತ ಪೂರ್ತಿ ಕೇಳಿದರು. “ಚೆನ್ನಾಗಿ ಹೇಳಿದೆಯಮ್ಮ. ಪರೀಕ್ಷೇಲಿ ಇದನ್ನೇ ಬರಿ, ಪೂರ್ತಿ ಅಂಕ ಕೊಡ್ತೀನಿ. ಈಗ ರಾಣಿ ಮಾತು ಓದು.” ನನ್ನ ವಾದವನ್ನು ಅವರು ಒಪ್ಪಿದಂತಾಯಿತು.

ಪ್ರದರ್ಶನದ ದಿನ ದೊಡ್ಡ ರಂಗತಂಡದ ನಿರ್ದೇಶಕಿ ನೋಡಲು ಬರುತ್ತಾರೆ. ಪ್ರತಿವರ್ಷ ಒಬ್ಬರನ್ನು ತಮ್ಮ ತಂಡಕ್ಕೆ ಆರಿಸಿಕೊಳ್ಳುತ್ತಾರೆ. ಈ ಸಲ ಆ ಜಾಗ ಯಾರದೆಂದು ಯಾರೂ ಬಾಯಿಬಿಟ್ಟು ಹೇಳುತ್ತಿಲ್ಲ, ಹೇಳಬೇಕಾಗಿಯೂ ಇಲ್ಲ.

ನಾನು ಗುಡ್ಡದ ಜನರಲ್ಲಿ ಹುಟ್ಟಿದವಳೆಂದು ಶಾಲೆಯಲ್ಲಿ ಯಾರಿಗೂ ತಿಳಿಯದು. ಮುಚ್ಚಿಟ್ಟದ್ದೇನೂ ಅಲ್ಲ, ಯಾರೂ ಕೇಳಿಲ್ಲ. ನನ್ನ ಅಂಕಗಳ ಪಕ್ಕದಲ್ಲಿ ಇನ್ನೊಂದು ಗುರುತು ಬೇಕೆಂದು ನನಗೆಂದೂ ಅನಿಸಿಲ್ಲ.

ಗುರುವಾರ, ಫೆಬ್ರವರಿ ೬

ಅತ್ತೆ ಬಿದ್ದಿದ್ದಾಳೆ. ಅಪ್ಪನ ಅಕ್ಕ, ನನ್ನನ್ನು ಸಾಕಿದವಳು. ಅಪ್ಪ ಲಾರಿಯೊಂದಿಗೆ ಊರೂರು ತಿರುಗುವುದರಿಂದ ಈ ಎರಡು ಕೋಣೆಗಳ ಮನೆಯಲ್ಲಿ ಇರುವವರು ನಾವಿಬ್ಬರೇ. ಹೋಟೆಲೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳು ಹಾಸುಹೊದಿಕೆಗಳಿಗೆ ಇಸ್ತ್ರಿ ಹಾಕುತ್ತಾಳೆ. ಒದ್ದೆ ನೆಲದಲ್ಲಿ ಜಾರಿ ಬಲಗಾಲಿನ ಮೂಳೆ ಮುರಿದಿದೆ. ಆಸ್ಪತ್ರೆಗೆ ಓಡಿದರೆ ಕಾಲಿಗೆ ಪ್ಲಾಸ್ಟರಿನ ಬಿಳಿಯ ಪಟ್ಟು ಹಾಕಿಸಿಕೊಂಡು, ಪಕ್ಕದ ಹಾಸಿಗೆಯವಳೊಂದಿಗೆ ನಗುತ್ತ ಕುಳಿತಿದ್ದಾಳೆ.

“ನೋಡಮ್ಮ, ನಮ್ಮ ಒಂದನೇ ನಂಬರು ಬಂತು” ಎಂದು ಪರಿಚಯ ಮಾಡಿಸಿದಳು. ಆಮೇಲೆ ನನ್ನತ್ತ ತಿರುಗಿ, “ಆ ಕಾಲದಲ್ಲಿ ಎಷ್ಟು ಸಲ ಸತ್ತಿದೀನಿ, ಒಂದು ಕಡ್ಡಿ ಮುರೀಲಿಲ್ಲ. ಈಗ ಯಾರೂ ಕೇಳದೇನೇ ಬಿದ್ದೆ, ಹೀಗಾಯ್ತು” ಎಂದಳು.

“ಸಾಯೋದಾ?” ಎಂದು ಪಕ್ಕದ ಹಾಸಿಗೆಯವಳು ಕಣ್ಣರಳಿಸಿದಳು.

“ಸಿನಿಮಾದಲ್ಲಿ ಕಣಮ್ಮ. ನಾನು ಆರ್ಟಿಸ್ಟು.”

ನಾನು ಕಿಟಕಿಯ ಕಡೆ ನೋಡಿದೆ. ಗುಡ್ಡದ ಹಾಡಿಯಿಂದ ಲಾರಿ ತುಂಬ ಜನರನ್ನು ಕರೆತಂದು, ಕಿರುಚಿಸಿ, ಸಾಯಿಸಿ, ಸಂಜೆ ಅದೇ ಲಾರಿಯಲ್ಲಿ ಹಿಂದಕ್ಕೆ ಕಳಿಸುತ್ತಿದ್ದುದನ್ನು ಕಲೆಯೆಂದು ಕರೆಯಬೇಕೆ ಎಂಬ ಪ್ರಶ್ನೆಯನ್ನು ನಾನು ಪ್ರಬಂಧವೊಂದರಲ್ಲಿ ಎತ್ತಿದ್ದೆ. ಆ ಪ್ರಬಂಧಕ್ಕೆ ಬಹುಮಾನ ಬಂದಿತ್ತು. ಅತ್ತೆಗೆ ಅದನ್ನು ಓದಿ ಹೇಳಿಲ್ಲ.

ಭಾನುವಾರ, ಫೆಬ್ರವರಿ ೯

ಅತ್ತೆಗೆ ಹೊತ್ತು ಹೋಗುತ್ತಿಲ್ಲ. ತಾನು ಸತ್ತಿದ್ದ ‘ಗುಡ್ಡದ ಹುಲಿ’ ಚಿತ್ರ ಹಾಕೆಂದು ಹಟ ಹಿಡಿದಳು. ನನ್ನ ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿಟ್ಟು, ಇಬ್ಬರೂ ಒಂದೇ ದಿಂಬಿಗೆ ತಲೆಯಿಟ್ಟು ನೋಡಿದೆವು. ಎಷ್ಟು ವರ್ಷಗಳಾದವೋ.

ಅಪ್ಪ ಕೊಂಡುತಂದಿದ್ದ ಆ ಹಳೆಯ ಟೀವಿ ನೆನಪಾಯಿತು. ಬಲಗಡೆ ತಲೆಗೆ ಒಂದು ಪೆಟ್ಟು ಹಾಕಿದರೆ ಮಾತ್ರ ಅದರಲ್ಲಿ ಬಣ್ಣ ಬರುತ್ತಿತ್ತು. ಭಾನುವಾರ ಮಧ್ಯಾಹ್ನ ಅತ್ತೆಯ ಚಿತ್ರ ಬಂದರೆ ನಮ್ಮ ಮನೆಯಲ್ಲಿ ನೆಲ ಕಾಣದಷ್ಟು ಜನ. ಬಾಗಿಲಿನ ಚಿಲಕ ಹಾಕುತ್ತಿರಲಿಲ್ಲ; ಕೆಳಗಿನ ಸೈಕಲ್ ಅಂಗಡಿಯವನು ಎಣ್ಣೆಕೈ ಒರೆಸಿಕೊಳ್ಳುತ್ತ ಹೊಸ್ತಿಲ ಮೇಲೆ ನಿಲ್ಲುತ್ತಿದ್ದ. ನಾನು ಅತ್ತೆಯ ತೊಡೆಯ ಮೇಲೆ. ಕುದುರೆಗಳು ಬರುತ್ತಿದ್ದವು, ಗುಂಡುಗಳು ಹಾರುತ್ತಿದ್ದವು, ಗುಡ್ಡದವರು ಬೀಳುತ್ತಿದ್ದರು. ಆಗ ಆ ಒಂದು ಗಳಿಗೆ: ಒಬ್ಬಳು ಅಂಗಾತ ಬೀಳುತ್ತಾಳೆ, ಪರದೆಯ ತುಂಬ ಅವಳ ಮುಖ, ಕಣ್ಣು ತೆರೆದೇ ಇದೆ. ಅದು ನನ್ನ ಅತ್ತೆ. ಪ್ರತಿ ಸಲವೂ ನಾನು ಅಳುತ್ತಿದ್ದೆ. ಪರದೆಯಿಂದ ಕಣ್ಣು ಕಿತ್ತು ಹಿಂದಕ್ಕೆ ತಿರುಗಿ, ಅವಳ ಕೆನ್ನೆ ಮುಟ್ಟಿ, “ಅತ್ತೆ, ಎದ್ದೆಯಾ?” ಎಂದು ಕೇಳುತ್ತಿದ್ದೆ. “ಎದ್ದೆ ಕಣೇ. ಎದ್ದು, ಮುಖ ತೊಳ್ಕೊಂಡು, ನಿನ್ನ ಹಿಂದೆ ಕೂತಿದೀನಿ” ಎನ್ನುತ್ತಿದ್ದಳು. ಚಿತ್ರ ಮುಗಿದ ಮೇಲೆ ನೆಲದ ಮೇಲೆ ಹಾಸಿಗೆ ಬಿಡಿಸಿ ನನಗೂ ಬೀಳುವುದನ್ನು ಕಲಿಸುತ್ತಿದ್ದಳು. ತೊಡೆ ಮೊದಲು, ಆಮೇಲೆ ಸೊಂಟ, ಆಮೇಲೆ ಹೆಗಲು. ಮೊಣಕೈಯಂತೂ ಎಂದೂ ಅಲ್ಲ. ಸಾಯುವುದರಷ್ಟು ಮೋಜಿನ ಆಟ ನನ್ನ ಬಾಲ್ಯದಲ್ಲಿ ಬೇರೊಂದಿರಲಿಲ್ಲ.

ಆಮೇಲೆ ಶಾಲೆಯ ಹುಡುಗರು ನನ್ನನ್ನು ಕಂಡಾಗಲೆಲ್ಲ ಬಾಯಿಗೆ ಕೈ ಬಡಿದು ‘ಹೋ ಹೋ’ ಎನ್ನತೊಡಗಿದರು. ನಾನು ಓದಿನಲ್ಲಿ ಮೊದಲಿಗಳಾಗಲು ಆರಂಭಿಸಿದ್ದು ಆ ವರ್ಷವೇ.

ಇಂದು ಆ ಮುಖ ಬಂದಾಗ ಅತ್ತೆ ಫೋನನ್ನು ನಿಲ್ಲಿಸಿದಳು. “ನೋಡು, ಎಷ್ಟು ಚಿಕ್ಕವಳಿದ್ದೆ. ಈಗಿನ ನಿನ್ನಷ್ಟೇ.” ಆಗ ಒಂದು ವಿಷಯವನ್ನು ಮೊದಲ ಸಲ ಗಮನಿಸಿದೆ. ಚಿತ್ರದಲ್ಲಿ ಅಷ್ಟು ಮಂದಿ ಸಾಯುತ್ತಾರೆ. ಮುಖ ಕಾಣುವುದು ಇವಳೊಬ್ಬಳದೇ. ಯಾಕೆಂದು ಕೇಳಿದೆ.

“ಮುಖ ಕೆಳಗೆ ಹಾಕಿ ಬೀಳಬೇಕು. ಅದು ರೂಲ್ಸು” ಎಂದಳು. “ನಾವು ಇಪ್ಪತ್ತು ಜನ, ಅವರಿಗೆ ಇನ್ನೂರು ಜನ ಬೇಕು. ಬಿದ್ದು, ಬಂಡೆ ಹಿಂದೆ ತೆವಳ್ಕೊಂಡು ಹೋಗಿ, ಮತ್ತೆ ಓಡಿ ಬಂದು ಸಾಯಬೇಕು. ಮುಖ ಕಂಡ್ರೆ ಲೆಕ್ಕ ತಪ್ಪುತ್ತಲ್ಲ.”

“ಹಾಗಾದ್ರೆ ನೀನ್ಯಾಕೆ ಅಂಗಾತ ಬಿದ್ದೆ? ತಪ್ಪಿ ಬಿದ್ದೆಯಾ?”

“ನಿದ್ದೆ ಬರ್ತಿದೆ” ಎಂದು ಗೋಡೆಯ ಕಡೆಗೆ ತಿರುಗಿದಳು.

ಶುಕ್ರವಾರ, ಫೆಬ್ರವರಿ ೧೪

ತಾಲೀಮು ಉತ್ತಮವಾಗಿ ನಡೆಯಿತು. ಮೂರನೆಯ ಅಂಕದಲ್ಲಿ ರಾಣಿ ಉಪ್ಪರಿಗೆಯಿಂದ ಯುದ್ಧವನ್ನು ನೋಡುತ್ತ ಆಡುವ ಮಾತು ಇಡೀ ನಾಟಕದ ತಿರುಳು: “ಅವರು ಮನುಷ್ಯರಂತೆ ಬೀಳುವುದಿಲ್ಲ. ಎಲೆಗಳಂತೆ ಬೀಳುತ್ತಾರೆ, ಎಲೆಗಳಂತೆ.” ಎರಡನೆಯ ‘ಎಲೆಗಳಂತೆ’ಯನ್ನು ಉಸಿರಿನಲ್ಲಿ ಕರಗಿಸಿದೆ. ಮೇಷ್ಟ್ರು ಕೆಲಹೊತ್ತು ಏನನ್ನೂ ಹೇಳಲಿಲ್ಲ. ಅವರ ಹೊಗಳಿಕೆಯ ರೀತಿ ಅದು.

ಮನೆಗೆ ಬಂದು ಅತ್ತೆಗೂ ಹೇಳಿ ತೋರಿಸಿದೆ. ಕುರ್ಚಿಯ ಮೇಲೆ ಹತ್ತಿ ನಿಂತು ಹೇಳಿದೆ. ಅತ್ತೆ ಕಾಲನ್ನು ದಿಂಬಿನ ಮೇಲೆ ಸರಿಮಾಡಿಕೊಂಡಳು.

“ಚೆನ್ನಾಗಿ ಹೇಳ್ತೀಯ” ಎಂದಳು. ಸ್ವಲ್ಪ ಬಿಟ್ಟು, “ಎಲೆ ಹಾಗೆ ಬೀಳೋದು ಎಷ್ಟು ಕಷ್ಟ ಗೊತ್ತಾ? ಎರಡು ದಿನ ಸೊಂಟ ಎತ್ತೋಕಾಗಲ್ಲ” ಎಂದಳು.

ಅವಳಿಗೆ ಸಾಲಿನ ಸೌಂದರ್ಯ ಹಿಡಿಸಲಿಲ್ಲವೆಂದು ತೋರುತ್ತದೆ.

ಮಂಗಳವಾರ, ಫೆಬ್ರವರಿ ೧೮

ನನಗೆ ಹಿಡಿಸದ ಒಂದು ದಿನ. ಗುಡ್ಡದವರ ಗುಂಪಿನಲ್ಲಿರುವ ‘ಗುಬ್ಬಿ’ ಬಿದ್ದು ಮೊಣಕೈ ತರಚಿಕೊಂಡಳು. ಗುಬ್ಬಿಯೆಂದರೆ ತರಗತಿಗೆ ಎರಡನೆಯವಳು. ಬೇಕೆಂದಿದ್ದರೆ ದೊಡ್ಡ ಪಾತ್ರವನ್ನೇ ಹಿಡಿಯಬಹುದಿತ್ತು. ಗೆಳತಿಯರೆಲ್ಲ ಗುಂಪಿಗೆ ಬರುತ್ತಾರೆಂದು ತಾನೂ ಅಲ್ಲಿಗೇ ಹೋದವಳು. ಮೇಷ್ಟ್ರು ಗುಂಪಿಗೆ ಹೇಳಿಕೊಡುತ್ತಿದ್ದರು: “ಮುಖ ಕೆಳಗೆ. ಬಿದ್ದ ತಕ್ಷಣ ಬಲಗಡೆ ರಟ್ಟಿನ ಮರದ ಹಿಂದಕ್ಕೆ ಉರುಳಿ, ಸುತ್ತಿ ಬಂದು, ಎಡಗಡೆಯಿಂದ ಮತ್ತೆ ನುಗ್ಗಿ. ನೀವು ಎಂಟೇ ಜನ, ನಲವತ್ತು ಕಾಣಬೇಕು. ಮುಖ ಯಾರದೂ ನೆನಪಲ್ಲಿ ಉಳೀಬಾರದು.”

ನಾನು ಉಪ್ಪರಿಗೆಯ ಮೇಲೆ ನಿಂತು ಕೇಳುತ್ತಿದ್ದೆ. ಅತ್ತೆ ಹೇಳಿದ ಮಾತೇ. ಬಂಡೆಯ ಜಾಗದಲ್ಲಿ ರಟ್ಟಿನ ಮರ, ಅಷ್ಟೇ.

ಗುಬ್ಬಿ ಮತ್ತೆ ಮೊಣಕೈ ಊರಿದಳು. ನಾನು ಇಳಿದು ಬಂದೆ. ಯಾಕೆ ಇಳಿದೆನೆಂದು ಈಗಲೂ ತಿಳಿಯದು. “ತೊಡೆ ಮೊದಲು” ಎಂದು ಬಿದ್ದು ತೋರಿಸಿದೆ. ರಂಗದ ಹಲಗೆ ಸದ್ದು ಮಾಡಲಿಲ್ಲ.

“ರ‍್ಯಾಂಕಮ್ಮ, ಇದನ್ನೆಲ್ಲಿ ಕಲಿತೆ?” ಎಂದ ಉದ್ದ.

“ಒಂದು ಪುಸ್ತಕದಲ್ಲಿ” ಎಂದೆ.

ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಆ ಪುಸ್ತಕ ಕಾಲಿನ ಪಟ್ಟಿನೊಳಗೆ ಕಡ್ಡಿ ತೂರಿಸಿ ಕೆರೆದುಕೊಳ್ಳುತ್ತಿರುವುದು ಕಣ್ಣ ಮುಂದೆಯೇ ಇತ್ತು.

ಭಾನುವಾರ, ಫೆಬ್ರವರಿ ೨೩

ನಮ್ಮ ಮನೆ ಇಂದು ಟೀವಿಯ ಕಾಲದಂತೆಯೇ ತುಂಬಿತ್ತು. ಗುಂಪಿನವರಿಗೆ ಬೀಳುವುದನ್ನು ನಾನೇ ಕಲಿಸಬೇಕೆಂದು ಮೇಷ್ಟ್ರು ಮೊನ್ನೆ ಅಪ್ಪಣೆ ಮಾಡಿದ್ದರು. ಎರಡು ದಿನ ಕಲಿಸಿದೆ. ನನಗೆ ಗೊತ್ತಿದ್ದುದು ಮುಗಿಯಿತು. ಮುಗಿದಾಗ, “ನನ್ನ ಅತ್ತೆಗೆ ಚೆನ್ನಾಗಿ ಗೊತ್ತು. ಅವಳು ಚಿತ್ರಗಳಲ್ಲಿ ಸಾಯುತ್ತಿದ್ದಳು. ನಾವು ಗುಡ್ಡದವರು” ಎಂದು ಹೇಳಿಬಿಟ್ಟೆ. ಉದ್ದ, “ಮೂರು ವರ್ಷ ನಿನ್ನ ಹಿಂದೆ ಕೂತು ನೋಟ್ಸ್ ಕಾಪಿ ಹೊಡೆದೆ, ಈ ಒಂದು ವಿಷಯ ಕಾಪಿ ಹೊಡೆಯೋಕೆ ಬಿಡ್ಲಿಲ್ವಲ್ಲ” ಎಂದ.

ಎಂಟೂ ಮಂದಿ ಬಂದರು. ಮಂಚವನ್ನು ಗೋಡೆಗೆ ಸರಿಸಿ ನೆಲಕ್ಕೆ ಹಾಸಿಗೆಗಳನ್ನು ಹಾಸಿದೆವು. ಅತ್ತೆ ಮಂಚದ ಮೇಲೆ ಕಾಲು ಚಾಚಿ, ಕೈಯಲ್ಲಿ ಊರುಗೋಲು ಹಿಡಿದು, ಯಾವ ನಿರ್ದೇಶಕರಿಗೂ ಕಡಿಮೆಯಿಲ್ಲದಂತೆ ಕುಳಿತಿದ್ದಳು.

“ಏ ಉದ್ದ, ನೀನು ಬೀಳ್ತಿದೀಯೋ, ಮಲಗೋಕೆ ಜಾಗ ಹುಡುಕ್ತಿದೀಯೋ?”

“ಅತ್ತೆ, ನನ್ನ ಮೈ ಪೂರ್ತಿ ನೆಲ ಸೇರೋಕೆ ಹೊತ್ತಾಗುತ್ತೆ.”

“ಅದಕ್ಕೇ ನಿನ್ನನ್ನ ಮೊದಲು ಕೊಲ್ಲಬೇಕು.”

ಎಲ್ಲರೂ ಅವಳನ್ನು ಅತ್ತೆ ಎಂದೇ ಕರೆದರು. ಚಹಾ ಮೂರು ಸುತ್ತು ಆಯಿತು. ಕೆಳಗಿನ ಸೈಕಲ್ ಅಂಗಡಿಯವನು, ಈಗ ಪೂರ್ತಿ ನರೆತವನು, ಮಹಡಿ ಕುಸಿಯಿತೇನೋ ಎಂದು ಹತ್ತಿ ಬಂದು, ಹೊಸ್ತಿಲ ಮೇಲೆ ಅದೇ ಜಾಗದಲ್ಲಿ ನಿಂತ.

ಗುಬ್ಬಿ, ನಾನು ಕೇಳಿದ ಪ್ರಶ್ನೆಯನ್ನೇ ಕೇಳಿದಳು: ನೀವು ಆ ಚಿತ್ರದಲ್ಲಿ ಅಂಗಾತ ಯಾಕೆ ಬಿದ್ದಿರಿ. ಅತ್ತೆ ನನಗೆ ಹೇಳದಿದ್ದುದನ್ನು ಅವಳಿಗೆ ಹೇಳಿದಳು.

“ಅದಕ್ಕೂ ಮುಂಚಿನ ಸಿನಿಮಾ. ನಮ್ಮ ಹಾಡಿಗೇ ಪರದೆ ತಂದು ಕಟ್ಟಿದ್ರು. ಅದರಲ್ಲಿ ಹಾಡಿಯವರೆಲ್ಲ ಇದ್ದೀವಿ, ಆದ್ರೆ ಒಬ್ರಿಗೂ ತಾವೆಲ್ಲಿದೀವಿ ಅಂತ ಗೊತ್ತಾಗ್ತಿಲ್ಲ. ‘ಅದು ನನ್ನ ಬೆನ್ನು’ ಅಂತ ಇವನು, ‘ಅಲ್ಲ, ನಂದು’ ಅಂತ ಅವನು. ಬೆನ್ನಿಗೋಸ್ಕರ ಜಗಳ. ನಮ್ಮಮ್ಮ ಮುಂದೆ ಕೂತಿದ್ಲು. ನಾನು, ‘ಅಮ್ಮಾ, ಅದು ನಾನೇ’ ಅಂದೆ. ‘ಎಲ್ಲಿ? ಬೆನ್ನಿಗೆ ಹೆಸರಿಟ್ಟಿದ್ನಾ ನಾನು?’ ಅಂದ್ಲು. ಅದು ಮನಸ್ಸಿಗೆ ಚುಚ್ಚಿಬಿಡ್ತು. ಮುಂದಿನ ಸಿನಿಮಾದಲ್ಲಿ ತಿರುಗಿ ಬಿದ್ದೆ. ಡೈರೆಕ್ಟರ್ ಸಾಹೇಬ್ರು ಕೂಗಾಡಿದ್ರು. ಆದ್ರೆ ಕುದುರೆಗಳು ಸುಸ್ತಾಗಿದ್ವು, ಬೆಳಕೂ ಹೋಗಿತ್ತು, ಅದನ್ನೇ ಇಟ್ಕೊಂಡ್ರು.”

“ಆಮೇಲೆ?”

“ಆಮೇಲೇನು, ಮುಖ ಇದ್ದವಳು ಬೇಡ ಅಂದ್ರು. ಲಾರಿ ಬಂತು, ಎಲ್ಲರನ್ನೂ ಹತ್ತಿಸ್ಕೊಂಡ್ರು, ನನ್ನನ್ನ ಬಿಟ್ರು.” ಅತ್ತೆ ಊರುಗೋಲಿನಿಂದ ನೆಲವನ್ನು ಮೆಲ್ಲಗೆ ತಟ್ಟಿದಳು. “ಆದ್ರೆ ಅಮ್ಮ ನೋಡಿದ್ಲು. ಆ ಸಿನಿಮಾನೂ ಹಾಡಿಗೆ ಬಂತಲ್ಲ. ನಾನು ಬಿದ್ದ ತಕ್ಷಣ ಎದ್ದು ನಿಂತು, ‘ಏಳೇ, ಏಳೇ’ ಅಂತ ಪರದೆಗೆ ಕೂಗ್ತಾಳೆ. ಪಕ್ಕದಲ್ಲೇ ಕೂತು ಸೆರಗು ಎಳೀತಿದೀನಿ, ಎದ್ದಿದೀನಮ್ಮ ಅಂತ. ಕೇಳಿಸ್ಕೊಂಡ್ರೆ ತಾನೇ.”

ಎಲ್ಲರೂ ನಕ್ಕರು. ಅತ್ತೆಯೇ ಎಲ್ಲರಿಗಿಂತ ಜೋರಾಗಿ ನಕ್ಕಳು. ನಾನು ಲೋಟಗಳನ್ನು ಒಳಗೆ ಒಯ್ದು ತೊಳೆದೆ. ತೊಳೆದಿದ್ದವನ್ನೂ ಇನ್ನೊಮ್ಮೆ ತೊಳೆದೆ.

ಬುಧವಾರ, ಫೆಬ್ರವರಿ ೨೬

ಮೇಷ್ಟ್ರ ಕೋಣೆಗೆ ಹೋಗಿದ್ದೆ. ಗುಡ್ಡದವರು ಮುಖ ಮೇಲಾಗಿ ಬೀಳಲು ಅನುಮತಿ ಕೊಡಬೇಕೆಂದು ಕೇಳಿದೆ.

“ಹಾಗೆ ಬಿದ್ರೆ ಮತ್ತೆ ಎದ್ದು ಬರೋಕಾಗಲ್ವಲ್ಲಮ್ಮ. ಎಂಟೇ ಜನ ಸತ್ರೆ ಅದು ಯುದ್ಧ ಹೇಗಾಗುತ್ತೆ?”

“ಎಂಟು ಜನ ಸತ್ತರೆ ಸಾಲದೇ ಸರ್?”

ಅವರು ಕನ್ನಡಕ ತೆಗೆದರು. “ಈ ನಾಟಕ ನಾನು ಹುಡುಗನಾಗಿದ್ದಾಗ ನೋಡಿದ್ದು. ನಮ್ಮಪ್ಪ ಕೈ ಹಿಡ್ಕೊಂಡು ಕರ್ಕೊಂಡು ಹೋಗಿದ್ರು. ಮರದ ಹಿಂದಿನಿಂದ ಬರ್ತಾನೇ ಇದ್ರು, ಬರ್ತಾನೇ ಇದ್ರು. ಆವತ್ತು ನನಗೆ ರಂಗಭೂಮಿ ಹುಚ್ಚು ಹಿಡೀತು. ಅದನ್ನ ಹೇಗೆ ಬಿಡಲಿ ಹೇಳು.” ದನಿ ಮೆತ್ತಗಿತ್ತು. ಅವರಿಗೂ ಒಂದು ಭಾನುವಾರ ಮಧ್ಯಾಹ್ನವಿದೆಯೆಂದು ನಾನು ಯೋಚಿಸಿರಲಿಲ್ಲ. ಕೊನೆಗೆ ಹೇಳಿದರು: “ಏಳು ಜನದಲ್ಲೂ ನಾನು ಹೇಗೋ ನಲವತ್ತು ತೋರಿಸಬಲ್ಲೆ. ಒಬ್ಬರು, ಒಬ್ಬರು ಮಾತ್ರ, ಹಾಗೆ ಬಿದ್ದು ಹಾಗೇ ಇರಲಿ. ಯಾರನ್ನ ಬೀಳಿಸ್ತೀಯ ನೋಡು. ನೀನಂತೂ ಮೇಲಿರ್ತೀಯ.”

ಭಿತ್ತಿಪತ್ರಗಳು ನಾಡಿದ್ದು ಅಚ್ಚಿಗೆ ಹೋಗುತ್ತವೆ.

ಗುರುವಾರ, ಫೆಬ್ರವರಿ ೨೭

ಅಳಿಸಿದೆ.

ಸೀಮೆಸುಣ್ಣದ ಹೆಸರು ಅಳಿಸುವುದಕ್ಕೆ ಬಟ್ಟೆ ಬೇಕಾಗುವುದಿಲ್ಲ, ಅಂಗೈ ಸಾಕು. ಗುಂಪಿನ ಮೊದಲ ಸಾಲಿನಲ್ಲಿದ್ದ ತನ್ನ ಹೆಸರನ್ನು ಗುಬ್ಬಿ ಅಳಿಸಿಕೊಂಡಳು, ಅಲ್ಲಿ ನನ್ನದನ್ನು ಬರೆದೆ. ಅವಳು ರಾಣಿಯ ಮುಂದೆ ಬರೆದುಕೊಳ್ಳುವಾಗ ಸೀಮೆಸುಣ್ಣ ಎರಡು ತುಂಡಾಯಿತು. “ನಿನಗೆ ತಲೆ ಕೆಟ್ಟಿದೆ. ರಂಗತಂಡದವರು ನೋಡೋದು ರಾಣೀನ ಕಣೇ” ಎಂದಳು. ಗೊತ್ತಿದೆ ಎಂದೆ.

ಅಂಗೈಯ ಬಿಳುಪು ಮನೆಗೆ ಬರುವವರೆಗೂ ಹಾಗೇ ಇತ್ತು. ಅತ್ತೆಗೆ ಹೇಳಿಲ್ಲ. ಅವಳು ರಾಣಿಯನ್ನು ನೋಡಲೆಂದೇ ಬರುತ್ತಾಳೆ.

ಶನಿವಾರ, ಮಾರ್ಚ್ ೮

ಬೀಳುವುದು ಸುಲಭ. ಬಿದ್ದ ಮೇಲೆ ಸತ್ತಿರುವುದು ಕಷ್ಟ. ಮೂಗಿನ ತುದಿ ತುರಿಸುತ್ತದೆ. ಉಳಿದ ಏಳು ಮಂದಿ ನನ್ನನ್ನು ದಾಟಿ ದಾಟಿ ಓಡುತ್ತಾರೆ, ಉದ್ದ ಪ್ರತಿ ಸಲವೂ “ಹೊಟ್ಟೆ ತುಂಬಾ ಸತ್ತೆಯಾ?” ಎಂದು ಪಿಸುಗುಟ್ಟಿ ಹೋಗುತ್ತಾನೆ.

ಇಂದು ತಾಲೀಮಿನಲ್ಲಿ ಅಂಗಾತ ಮಲಗಿದ್ದಾಗ ಮೇಲಿನ ಹಗ್ಗ, ರಾಟೆ, ಧೂಳು ಹಿಡಿದ ದೀಪಗಳು ಕಾಣುತ್ತಿದ್ದವು. ಅತ್ತೆಗೆ ಕಂಡಿದ್ದು ಆಕಾಶವಿರಬೇಕು, ಬೆಳಕು ಹೋಗುತ್ತಿರುವ ಆಕಾಶ. ಕೇಳಬೇಕು.

ಶನಿವಾರ, ಮಾರ್ಚ್ ೧೫

ಪ್ರದರ್ಶನ ಮುಗಿಯಿತು. ಕ್ರಮವಾಗಿ ಬರೆಯಲು ಯತ್ನಿಸುತ್ತೇನೆ.

ಅತ್ತೆಯನ್ನು ಉದ್ದನೂ ಸೈಕಲ್ ಅಂಗಡಿಯವನೂ ಕುರ್ಚಿಸಮೇತ ಎತ್ತಿ ತಂದರು. ಕಾಲು ಚಾಚಲು ಜಾಗ ಬೇಕೆಂದು ಮೊದಲ ಸಾಲಿನಲ್ಲೇ ಕೂರಿಸಿದರು. ಅವಳ ಪಕ್ಕದ ಆಸನ ರಂಗತಂಡದ ನಿರ್ದೇಶಕಿಯದೆಂದು ಅವಳಿಗೆ ತಿಳಿಯದು. ಪರದೆಯ ಸೀಳಿನಿಂದ ನೋಡಿದೆ: “ರಾಣಿ ನಮ್ಮ ಹುಡುಗೀನೇ” ಎಂದು ಆಕೆಗೆ ಹೇಳುತ್ತಿದ್ದಳು.

ಬಣ್ಣದ ಕೋಣೆಯಲ್ಲಿ ಮಸಿಯ ಡಬ್ಬ ಕೈಯಿಂದ ಕೈಗೆ ಬಂತು. ಬಣ್ಣ ಹಚ್ಚುವವರು ನನ್ನ ಗಲ್ಲ ಹಿಡಿದರು. “ನನಗೆ ಬೇಡ ಸರ್, ನಾನು ಮನೆಯಿಂದಲೇ ಗುಡ್ಡದವಳಾಗಿ ಬಂದಿದೀನಿ” ಎಂದೆ. ಅವರಿಗೆ ಅರ್ಥವಾಗಲಿಲ್ಲ; ಉಳಿದ ಏಳು ಮಂದಿಗೆ ಆಯಿತು. ಒಬ್ಬೊಬ್ಬರಾಗಿ ಅವರೂ ಡಬ್ಬವನ್ನು ಮುಂದಕ್ಕೆ ಸರಿಸಿದರು. ಡಬ್ಬ ತೆರೆಯದೆ ಕಪಾಟು ಸೇರಿತು.

ಮೊದಲ ಅಂಕದಲ್ಲಿ ಗುಬ್ಬಿ ರಾಣಿಯಾಗಿ ಬಂದಾಗ ಅತ್ತೆ ಮುಂದಕ್ಕೆ ಬಾಗಿ ಹುಡುಕಿದಳಂತೆ. ಎರಡನೆಯ ಅಂಕದಲ್ಲೂ ನಾನಿರಲಿಲ್ಲ. ಮೂರನೆಯ ಅಂಕದಲ್ಲಿ ನಾವು ನುಗ್ಗಿದೆವು. ಬಂದೂಕಿನ ಸದ್ದಾಯಿತು. ತೊಡೆ, ಸೊಂಟ, ಹೆಗಲು. ಅಂಗಾತ ಬಿದ್ದೆ, ತಲೆ ಸಭೆಯ ಕಡೆಗೆ ವಾಲಿತು. ಕಣ್ಣು ತೆರೆದೇ ಇಟ್ಟೆ. ಮೊದಲ ಸಾಲು ನನಗೆ ತಲೆಕೆಳಗಾಗಿ ಕಾಣುತ್ತಿತ್ತು. ಬಿಳಿಯ ಪಟ್ಟು ಹಾಕಿದ ಒಂದು ಕಾಲು. ಅದರ ಹಿಂದೆ ಅತ್ತೆಯ ಮುಖ.

ಸುತ್ತಲೂ ಏಳು ಮಂದಿ ನಲವತ್ತಾಗುತ್ತಿದ್ದರು. ಸಭೆಯಲ್ಲಿ ಯಾರೂ ಅವರನ್ನು ನೋಡುತ್ತಿರಲಿಲ್ಲವೆಂದು ಆಮೇಲೆ ಹೇಳಿದರು. ಆ ಸದ್ದಿನ ನಡುವೆ ಅತ್ತೆಯ ದನಿ ಕೇಳಿಸಿತು. ಪಿಸುಮಾತೆಂದು ಅವಳು ತಿಳಿದಿದ್ದಳು.

“ಎದ್ದೇಳ್ತಾಳೆ ತಾನೇ?”

“ಎದ್ದೇಳ್ತಾಳಮ್ಮ” ಎಂದರು ನಿರ್ದೇಶಕಿ.

ಸತ್ತವಳು ನಾನು, ಏನೂ ಹೇಳುವಂತಿರಲಿಲ್ಲ.

ಉಪ್ಪರಿಗೆಯ ಮೇಲೆ ಗುಬ್ಬಿ ಆರಂಭಿಸಿದಳು. “ಅವರು ಮನುಷ್ಯರಂತೆ ಬೀಳುವುದಿಲ್ಲ...” ನಿಂತಿತು. ಅವಳು ಕೆಳಗೆ ನನ್ನ ಮುಖವನ್ನು ನೋಡುತ್ತಿದ್ದಳು. ಪಕ್ಕದಿಂದ ಮಾತು ಒದಗಿಸುವವನು, “ಎಲೆಗಳಂತೆ, ಎಲೆಗಳಂತೆ” ಎಂದದ್ದು ಕೊನೆಯ ಸಾಲಿಗೂ ಕೇಳಿಸಿರಬೇಕು. ಗುಬ್ಬಿ ಹೇಳಲಿಲ್ಲ. ಬಾಯಿ ತೆರೆದಳು, ಮುಚ್ಚಿದಳು. ಕೈ ಕಟಕಟೆಯನ್ನು ಹಿಡಿಯಿತು. ಪರದೆ ಇಳಿಯುವವರೆಗೂ ಹಾಗೆಯೇ ನಿಂತಳು.

ನಾನಾಗಿದ್ದರೆ ಆ ಮಾತನ್ನು ಪೂರ್ತಿ ಹೇಳಿಬಿಡುತ್ತಿದ್ದೆ. ಚೆನ್ನಾಗಿಯೇ ಹೇಳುತ್ತಿದ್ದೆ.

ನಿರ್ದೇಶಕಿ ಗುಬ್ಬಿಯನ್ನು ಆರಿಸಿಕೊಂಡರು. ಆ ಮೌನದಂಥದನ್ನು ಕಲಿಸಲಾಗುವುದಿಲ್ಲ ಎಂದರಂತೆ. ಗುಬ್ಬಿ ನನ್ನ ಭುಜದ ಮೇಲೆ ಮುಖವಿಟ್ಟು ಅತ್ತು, ನನ್ನ ಎಲೆಯ ಲಂಗಕ್ಕೆ ಮೂಗು ಒರೆಸಿದಳು. ಮೇಷ್ಟ್ರು ಬಂದು ಬಹಳ ಹೊತ್ತು ನಿಂತು, ಏನನ್ನೂ ಹೇಳದೆ ಹೋದರು.

ಅತ್ತೆಯನ್ನು ಬಣ್ಣದ ಕೋಣೆಗೆ ಎತ್ತಿ ತಂದರು. ರಾಣಿಯ ವಿಷಯ ಕೇಳುತ್ತಾಳೆಂದು ಉತ್ತರ ಸಿದ್ಧಮಾಡಿಕೊಂಡಿದ್ದೆ.

“ಎರಡು ಸಲ ಕಣ್ಣು ಮಿಟುಕಿಸಿದೆ” ಎಂದಳು.

“ಹೌದು.”

“ಹೆಗಲು ಸ್ವಲ್ಪ ಬೇಗ ಬಿತ್ತು.”

“ಹೌದು ಅತ್ತೆ.”

ಆಮೇಲೆ ಕೈ ಚಾಚಿ ನನ್ನ ಕೆನ್ನೆ ಮುಟ್ಟಿದಳು. ಅಂಗೈ ಇಸ್ತ್ರಿಯ ಶಾಖಕ್ಕೆ ಗಡಸಾದದ್ದು, ಆದರೂ ಮುಟ್ಟಿದ ರೀತಿ ಮಗುವಿನದು.

“ಎದ್ದೆಯಾ?”

“ಎದ್ದೆ” ಎಂದೆ. “ಎದ್ದು, ಮುಖ ತೊಳ್ಕೊಂಡು, ನಿನ್ನ ಮುಂದೆ ಕೂತಿದೀನಿ.”

ಶನಿವಾರ, ಮಾರ್ಚ್ ೨೨

ಅತ್ತೆಯ ಕಾಲಿನ ಪಟ್ಟು ತೆಗೆದರು. ಒಳಗಿನ ಕಾಲು ಬೇರೆ ಯಾರದೋ ಎಂಬಷ್ಟು ಸಣ್ಣಗಾಗಿದೆ. ಮನೆಗೆ ಬಂದವಳೇ ಹಾಸಿಗೆ ಹಾಸು ಎಂದಳು. ವೈದ್ಯರು ಏನು ಹೇಳಿದರೆಂದು ನೆನಪಿಸಿದೆ. “ಬೀಳಲ್ಲ ಮಾರಾಯ್ತಿ. ನಿನ್ನ ಹೆಗಲು ಎಲ್ಲಿ ತಪ್ಪಿತು ಅಂತ ತೋರಿಸ್ತೀನಿ ಅಷ್ಟೇ.”

ನನ್ನ ತೋಳು ಹಿಡಿದುಕೊಂಡು ತೊಡೆ ಊರಿದಳು, ಸೊಂಟ, ಆಮೇಲೆ ಹೆಗಲು, ಆಕಾಶಕ್ಕೆಂಬಂತೆ ಮುಖ. ಕಿಟಕಿಯ ಸಂಜೆ ಬೆಳಕು ಅವಳ ಮೇಲೆ ಬಿದ್ದಿತ್ತು. ಕಣ್ಣು ತೆರೆದೇ ಇತ್ತು, ಮಿಟುಕಲಿಲ್ಲ. ತೋರಿಸಲು ಬೇಕಾದುದಕ್ಕಿಂತ ಹೆಚ್ಚು ಹೊತ್ತು ಹಾಗೆಯೇ ಇದ್ದಳು. ಅಷ್ಟರಲ್ಲಿ ಕೆಳಗಿನಿಂದ ಉದ್ದ ಕೂಗಿ ಹೇಳಿದ, ಫಲಿತಾಂಶ ಹಲಗೆಗೆ ಹಾಕಿದ್ದಾರೆ, ಬರ್ತೀಯಾ ಎಂದು. ನಾಳೆ ನೋಡಿದರಾಯಿತು ಎಂದೆ.

“ಅತ್ತೆ, ಎದ್ದೆಯಾ?”

“ಅವಸರ ಯಾಕೆ?” ಎಂದಳು, ತುಟಿ ಹೆಚ್ಚು ಅಲುಗಿಸದೆ. “ನೋಡ್ಕೋ.”